ಯುದ್ಧಪೂರ್ವ ಫ್ರಾನ್ಸಿನ ಮೋಟಾರು ಶಿಲ್ಪ

ಕಲೆ ಎಂದೊಡನೆ ನಮ್ಮ ಮನಸ್ಸು ಕಾವ್ಯ, ಸಂಗೀತ, ಚಿತ್ರ, ಶಿಲ್ಪಗಳ ಕಡೆಗೆ ಹರಿಯುವುದು ಸಹಜ. ಯಂತ್ರವೆಂದೊಡನೆ ಹೊಗೆ, ಸದ್ದು, ಮಸಿ, ವೇಗ ಇವು ನೆನಪಿಗೆ ಬರುತ್ತವೆ. ಇವೆರಡಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬುದು ಬಹುಕಾಲದಿಂದ ಬೇರೂರಿರುವ ಅಭಿಪ್ರಾಯ. ಆದರೆ ಎರಡು ಮಹಾಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ, ಅಂದರೆ 1919ರಿಂದ 1939ರವರೆಗೆ, ಫ್ರಾನ್ಸು ದೇಶದ ಕೆಲವು ಕಾರ್ಖಾನೆಗಳಲ್ಲಿ ಯಂತ್ರವೂ ಕಲೆಯೂ ಒಂದೇ ಸೂರಿನಡಿಯಲ್ಲಿ ಕೂಡಿ ಬಾಳಿದವು. ಅಲ್ಲಿ ಹುಟ್ಟಿದ ಕೆಲವು ಮೋಟಾರು ಕಾರುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ವಿಗ್ರಹಗಳಂತೆ ನಿಂತಿವೆ. ಜನ ಅವುಗಳ ಸುತ್ತ ನಡೆದು, ಎಲ್ಲ ಮಗ್ಗುಲುಗಳಿಂದಲೂ ನೋಡಿ, ಮೌನವಾಗಿ ಮೆಚ್ಚಿ ಹೋಗುತ್ತಾರೆ.

ಆದರೆ ಇಲ್ಲಿ ಒಂದು ತೊಡಕಿದೆ. ಈ ಕಾರುಗಳನ್ನು ಕೊಂಡವರು ರಾಜಕುಮಾರರು, ಬ್ಯಾಂಕಿನ ಒಡೆಯರು, ದೊಡ್ಡ ವರ್ತಕರು. ಬಹುಜನ ಟ್ರಾಮಿಗೂ ಸೈಕಲ್ಲಿಗೂ ದುಡ್ಡು ಎಣಿಸುತ್ತಿದ್ದ ಕಾಲದಲ್ಲಿ ಕೆಲವರ ವಿಲಾಸಕ್ಕೆಂದು ಹುಟ್ಟಿದ ವಸ್ತುವನ್ನು ಕಲೆಯೆಂದು ನಾವು ಗೌರವಿಸಬಹುದೇ? ಗೌರವಿಸುವುದಾದರೆ, ಅದರ ಚೆಲುವು ಯಾರ ಸ್ವತ್ತು? ಹಣ ಕೊಟ್ಟವನದೋ, ಕೈಯಾರೆ ಮಾಡಿದವನದೋ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಆ ಕಾಲದ ಫ್ರೆಂಚ್ ಕಾರುಗಳ ರೂಪವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಆ ಕಾರುಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ತಿಳಿಯಬೇಕು. ಷಾಸಿಯನ್ನು ಒಂದು ಕಡೆ ಕೊಂಡು ಬಾಡಿಯನ್ನು ಇನ್ನೊಂದು ಕಡೆ ಕಟ್ಟಿಸುವ ಪದ್ಧತಿ ನಮ್ಮ ಲಾರಿ, ಬಸ್ಸುಗಳ ಮಾಲೀಕರಿಗೆ ಚೆನ್ನಾಗಿ ಗೊತ್ತು. ಆ ಕಾಲದ ಫ್ರಾನ್ಸಿನಲ್ಲಿ ಅತ್ಯಂತ ಬೆಲೆಬಾಳುವ ಕಾರುಗಳೂ ಬಹುಮಟ್ಟಿಗೆ ಹೀಗೆಯೇ ಹುಟ್ಟುತ್ತಿದ್ದವು. ದೆಲಾಯೆ, ದೆಲಾಜ್, ಟಾಲ್ಬೊ, ಹಿಸ್ಪಾನೊ-ಸುಯಿಜಾ ಮುಂತಾದ ಕಂಪನಿಗಳು ಉಕ್ಕಿನ ಚೌಕಟ್ಟು, ಎಂಜಿನ್ನು, ಗಾಲಿ, ಬ್ರೇಕು, ಸ್ಟೀರಿಂಗು ಇಷ್ಟನ್ನು ಸಿದ್ಧಪಡಿಸಿ ಮಾರುತ್ತಿದ್ದವು. ಕೊಂಡವನು ಆ ಷಾಸಿಯನ್ನು ತನಗೆ ಮೆಚ್ಚಿಗೆಯಾದ ಬಾಡಿ ಕಟ್ಟುವವರ ಬಳಿಗೆ ಕಳುಹಿಸುತ್ತಿದ್ದನು. ಇಂತಹ ಕುಶಲಿಗಳನ್ನು ಫ್ರೆಂಚರು ಕಾರೊಸಿಯೆ ಎನ್ನುತ್ತಾರೆ. ಇವರಲ್ಲಿ ಅನೇಕ ಮನೆತನಗಳು ಕುದುರೆ ಸಾರೋಟುಗಳ ಕಾಲದಿಂದ ಬಂದವು.

ಬಾಡಿ ಕಟ್ಟುವ ಕ್ರಮವೂ ತಿಳಿಯತಕ್ಕದ್ದೇ. ಮೊದಲು ಕಾಗದದ ಮೇಲೆ ಚಿತ್ರ. ಅನಂತರ ಗೋಡೆಯಷ್ಟಗಲದ ಹಾಳೆಯ ಮೇಲೆ ನಿಜವಾದ ಅಳತೆಯ ರೇಖೆಗಳು. ಆ ರೇಖೆಗಳನ್ನು ಅನುಸರಿಸಿ ಬಡಗಿಯು ಗಟ್ಟಿಮರದ ಹಂದರವನ್ನು ಕಟ್ಟುತ್ತಿದ್ದನು. ತಗಡಿನ ಕೆಲಸದವನು ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ತಗಡನ್ನು ಮರಳು ತುಂಬಿದ ತೊಗಲ ಚೀಲದ ಮೇಲಿಟ್ಟು, ಮರದ ಸುತ್ತಿಗೆಯಿಂದ ಬಡಿದು, ಉಬ್ಬು ತಗ್ಗುಗಳನ್ನು ಬರಿಸಿ, ಉರುಳೆಗಳ ನಡುವೆ ಹಾಯಿಸಿ ನಯಗೊಳಿಸುತ್ತಿದ್ದನು. ಬಳಿಕ ಉಜ್ಜುವವರು, ಬಣ್ಣದವರು, ತೊಗಲು ಹೊಲಿಯುವವರು, ಗಾಜು ಕೂರಿಸುವವರು ಸರದಿಯಂತೆ ಬರುತ್ತಿದ್ದರು. ಮುಂದೆ ಹೇಳಲಿರುವ ಟಾಲ್ಬೊ ಕಾರಿನ ಒಂದೊಂದು ಬಾಡಿಗೂ ಎರಡು ಸಾವಿರ ಗಂಟೆಗೂ ಮಿಕ್ಕಿ ಕೈಕೆಲಸ ಹಿಡಿಯುತ್ತಿತ್ತೆಂಬುದು ಪ್ರಚಲಿತವಾದ ಲೆಕ್ಕ. ಅಚ್ಚಿನಲ್ಲಿ ಒತ್ತಿ ತೆಗೆದ ವಸ್ತುವಿಗೂ ಹೀಗೆ ಬಡಿದು ಎಬ್ಬಿಸಿದ ವಸ್ತುವಿಗೂ ಅಂತರವಿದೆ. ಎರಡನೆಯದರಲ್ಲಿ ಪ್ರತಿಯೊಂದು ಬಾಗಿನ ಹಿಂದೆಯೂ ಒಬ್ಬ ಮನುಷ್ಯನ ನಿರ್ಧಾರವಿರುತ್ತದೆ. ಆದುದರಿಂದಲೇ ಇದನ್ನು ಶಿಲ್ಪವೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ಈ ಕಲೆ ಫ್ರಾನ್ಸಿನಲ್ಲಿ ಇಷ್ಟು ಬೆಳೆಯಲು ಕಾರಣವೇನು? ಪ್ಯಾರಿಸ್ ನಗರವು ಉಡುಪು, ಆಭರಣ, ಪೀಠೋಪಕರಣಗಳ ಕುಶಲಕಲೆಗೆ ಹೆಸರಾದದ್ದು. 1925ರಲ್ಲಿ ಅಲ್ಲಿ ಅಲಂಕಾರ ಕಲೆಗಳ ಮಹಾ ಪ್ರದರ್ಶನವೊಂದು ನಡೆಯಿತು. ಆರ್ಟ್ ಡೆಕೊ ಎಂದು ಮುಂದೆ ಪ್ರಸಿದ್ಧವಾದ ಶೈಲಿಯ ಹೆಸರಿಗೆ ಆ ಪ್ರದರ್ಶನವೇ ಮೂಲ. ಅದೇ ವರ್ಷ ಗಾಜಿನ ಶಿಲ್ಪಿ ರೆನೆ ಲಾಲೀಕನು ಸಿಟ್ರೊಯೆನ್ ಕಂಪನಿಗಾಗಿ ಕಾರಿನ ಮೂತಿಯ ಮೇಲೆ ನಿಲ್ಲಿಸುವ ಗಾಜಿನ ಲಾಂಛನವನ್ನು ರಚಿಸಿದನು. ಗ್ರಾಂ ಪಲೇ ಎಂಬ ಗಾಜಿನ ಚಾವಣಿಯ ಭವನದಲ್ಲಿ ಮೋಟಾರು ಪ್ರದರ್ಶನ ಏರ್ಪಡುತ್ತಿತ್ತು. ಬಾಡಿ ಕಟ್ಟುವವರು ತಮ್ಮ ಹೊಸ ಕೃತಿಗಳನ್ನು ಅಲ್ಲಿ ಜನರ ಮುಂದಿಡುತ್ತಿದ್ದರು. ಇದಲ್ಲದೆ ಪ್ಯಾರಿಸ್ಸಿನ ತೋಪುಗಳಲ್ಲಿಯೂ ಕಡಲತೀರದ ವಿಹಾರಸ್ಥಳಗಳಲ್ಲಿಯೂ ಸೊಬಗಿನ ಸ್ಪರ್ಧೆಗಳು ನಡೆಯುತ್ತಿದ್ದವು. ಅವುಗಳಲ್ಲಿ ಕಾರು, ಅದರಿಂದಿಳಿಯುವ ಮಹಿಳೆ, ಆಕೆಯ ಉಡುಪು ಮೂರೂ ಒಂದಕ್ಕೊಂದು ಒಪ್ಪಬೇಕು. ಎಂಜಿನ್ನಿನ ಬಲ ಅಲ್ಲಿ ಮುಖ್ಯವಲ್ಲ, ರೂಪವೇ ಮುಖ್ಯ. ಇಂತಹ ವಾತಾವರಣದಲ್ಲಿ ಕಾರು ಕೇವಲ ವಾಹನವಾಗಿ ಉಳಿಯದಿದ್ದುದು ಆಶ್ಚರ್ಯವಲ್ಲ.

ಆದರೆ ಫ್ರೆಂಚ್ ಕಾರುಗಳ ಸೌಂದರ್ಯವೆಲ್ಲ ಒಂದೇ ಬಗೆಯದೆಂದು ಭಾವಿಸಬಾರದು. ನಮ್ಮ ಅಲಂಕಾರಶಾಸ್ತ್ರದಲ್ಲಿ ಔಚಿತ್ಯವೆಂಬ ತತ್ತ್ವವೊಂದಿದೆ. ಆಭರಣ ತನ್ನ ಎಡೆಯಲ್ಲಿದ್ದರೆ ಮಾತ್ರ ಆಭರಣ. ಎಡೆ ತಪ್ಪಿದರೆ ಹೊರೆ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಈ ಮಾತಿನ ಸಾರವನ್ನು ಮೋಟಾರು ಶಿಲ್ಪಕ್ಕೂ ಅನ್ವಯಿಸಬಹುದೆಂದು ನನ್ನ ಎಣಿಕೆ. ಅಲಂಕಾರವೆಷ್ಟು, ಉಪಯೋಗವೆಷ್ಟು ಎಂಬ ಪ್ರಶ್ನೆಗೆ ಆ ಕಾಲದ ಒಬ್ಬೊಬ್ಬ ನಿರ್ಮಾಪಕನೂ ಒಂದೊಂದು ಉತ್ತರ ಕೊಟ್ಟನು. ಅವುಗಳಲ್ಲಿ ಕೆಲವನ್ನು ನೋಡೋಣ.

ಮೊದಲನೆಯ ಉತ್ತರ ಹಿಸ್ಪಾನೊ-ಸುಯಿಜಾದ್ದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮಾರ್ಕ್ ಬಿರ್ಕಿಗ್ಟನು ಮೊದಲನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಎಂಜಿನ್ನು ರಚಿಸಿ ಹೆಸರು ಪಡೆದಿದ್ದನು. ಆ ಅನುಭವದಿಂದ ಹುಟ್ಟಿದ ಎಚ್ 6 ಎಂಬ ಕಾರು 1919ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ನಾಲ್ಕು ಗಾಲಿಗಳಿಗೂ ಬ್ರೇಕು. ಚಾಲಕನ ಕಾಲಿನ ಬಲಕ್ಕೆ ಯಂತ್ರದ ಬಲ ಕೂಡಿಕೊಳ್ಳುವ ಏರ್ಪಾಡು. ಈ ಏರ್ಪಾಡನ್ನು ರೋಲ್ಸ್ ರಾಯ್ಸ್ ಕಂಪನಿ ಕೂಡ ಪರವಾನಗಿ ಪಡೆದು ಬಳಸಿತು. ಕಾರಿನ ಮೂತಿಯ ಮೇಲೆ ಹಾರುವ ಕೊಕ್ಕರೆಯ ಲಾಂಛನ. ಯುದ್ಧದಲ್ಲಿ ಮಡಿದ ವೈಮಾನಿಕ ವೀರ ಗಿನ್ಮೇರನ ವಿಮಾನ ದಳದ ಗುರುತು ಅದು. ಆ ದಳದ ವಿಮಾನಗಳಲ್ಲಿದ್ದದ್ದು ಇದೇ ಕಂಪನಿಯ ಎಂಜಿನ್ನು. ಆದುದರಿಂದ ಆ ಕೊಕ್ಕರೆ ಬರಿಯ ಒಡವೆಯಲ್ಲ, ನೆನಪು. ಅಲಂಕಾರಕ್ಕೆ ಅರ್ಥವಿದ್ದಾಗ ಅದು ಔಚಿತ್ಯವನ್ನು ಮೀರುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡನೆಯ ಉತ್ತರ ಗೇಬ್ರಿಯಲ್ ವ್ವಾಜಾಂ ಎಂಬುವನದು. ಈತನೂ ವಿಮಾನ ನಿರ್ಮಾಣದ ಆದ್ಯರಲ್ಲಿ ಒಬ್ಬ. ಯುದ್ಧ ಮುಗಿದ ಮೇಲೆ ಕಾರಿನ ಕಡೆಗೆ ತಿರುಗಿದನು. ಭಾರವೇ ಶತ್ರುವೆಂಬುದು ವಿಮಾನ ಕಟ್ಟುವವನ ಮೊದಲ ಪಾಠ. ಆ ಪಾಠವನ್ನು ವ್ವಾಜಾಂ ಮರೆಯಲಿಲ್ಲ. ಅವನ ಕಾರುಗಳಲ್ಲಿ ಹಗುರವಾದ ಅಲ್ಯೂಮಿನಿಯಮ್ಮಿನ ಮೈ, ನೇರವಾದ ಅಂಚುಗಳು, ಸಾಮಾನು ಪೆಟ್ಟಿಗೆಗಳಿಗೆ ತಕ್ಕ ಎಡೆ. ಮೊದಲ ನೋಟಕ್ಕೆ ಒರಟೆನಿಸಿದರೂ ಒಳಗೆ ಕಣ್ಣು ಹಾಯಿಸಿದರೆ ಚೌಕ, ತ್ರಿಕೋನಗಳ ಬಣ್ಣದ ನೇಯ್ಗೆಯ ಬಟ್ಟೆ ಹೊದಿಸಿದ ಪೀಠಗಳು ಬೆರಗುಗೊಳಿಸುತ್ತವೆ. 1934ರಲ್ಲಿ ಬಂದ ಏರೋಡೀನ್ ಎಂಬ ಮಾದರಿಯಲ್ಲಿ ದುಂಡು ಕಿಂಡಿಗಳುಳ್ಳ ಚಾವಣಿ ಹಿಂದಕ್ಕೆ ಸರಿಯುತ್ತಿತ್ತು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯು ವ್ವಾಜಾಂ ಕಾರನ್ನು ಇಟ್ಟುಕೊಂಡಿದ್ದನು. 1925ರ ಪ್ರದರ್ಶನದಲ್ಲಿ ಪ್ಯಾರಿಸ್ ನಗರದ ಪುನಾರಚನೆಗೆ ಅವನು ಮುಂದಿಟ್ಟ ಯೋಜನೆಗೆ ಹಣದ ನೆರವಿತ್ತವನು ವ್ವಾಜಾಂ. ಆದುದರಿಂದಲೇ ಅದಕ್ಕೆ ವ್ವಾಜಾಂ ಯೋಜನೆಯೆಂದು ಹೆಸರಾಯಿತು. ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಇವನೇ. ಕಟ್ಟಡದಲ್ಲಿ ಆತ ಅರಸಿದ ಅಚ್ಚುಕಟ್ಟನ್ನೇ ಕಾರಿನಲ್ಲಿ ವ್ವಾಜಾಂ ಅರಸಿದನೆನ್ನಬಹುದು.

ಮೂರನೆಯ ಉತ್ತರ ಬುಗಾಟಿ ಮನೆತನದ್ದು. ಎತ್ತೋರೆ ಬುಗಾಟಿ ಹುಟ್ಟಿದ್ದು ಇಟಲಿಯ ಮಿಲಾನಿನಲ್ಲಿ, 1881ರಲ್ಲಿ. ತಂದೆ ಕಾರ್ಲೊ ಪೀಠೋಪಕರಣಗಳ ಕಲಾವಿದ. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪಗಳಿಗೆ ಹೆಸರಾದವನು. ಎತ್ತೋರೆ 1909ರಲ್ಲಿ ಆಲ್ಸೇಸ್ ಪ್ರಾಂತದ ಮೋಲ್ಸೆಮ್ ಎಂಬ ಊರಿನಲ್ಲಿ ತನ್ನ ಕಾರ್ಖಾನೆಯನ್ನು ಸ್ಥಾಪಿಸಿದನು. ಆಗ ಅದು ಜರ್ಮನಿಗೆ ಸೇರಿತ್ತು. ಮೊದಲನೆಯ ಯುದ್ಧದ ನಂತರ ಫ್ರಾನ್ಸಿಗೆ ಸೇರಿತು. ಅರಸರಿಗೆ ಒಪ್ಪುವ ಕಾರೊಂದನ್ನು ಮಾಡಬೇಕೆಂಬುದು ಅವನ ಹೆಬ್ಬಯಕೆ. ಅದರ ಫಲವೇ ರಾಯಲ್ ಎಂಬ ಮಾದರಿ. ಅದರ ಎಂಜಿನ್ನು 12.7 ಲೀಟರಿನದು. ಮೂತಿಯ ಮೇಲೆ ಹಿಂಗಾಲಿನ ಮೇಲೆ ನಿಂತ ಆನೆ. 1916ರಲ್ಲಿ ತೀರಿಕೊಂಡಿದ್ದ ತಮ್ಮ ರೆಂಬ್ರಾಂಟನ ಶಿಲ್ಪವೇ ಆ ಆನೆಗೆ ಮಾದರಿ.

25 ಕಾರುಗಳನ್ನು ಮಾಡುವ ಸಂಕಲ್ಪವಿತ್ತು. ಅಷ್ಟರಲ್ಲಿ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸಿತು. ತಯಾರಾದವು 6, ಹೊರಗಿನವರಿಗೆ ಮಾರಾಟವಾದವು 3. ಕೊಂಡವರಲ್ಲಿ ಅರಸನೊಬ್ಬನೂ ಇರಲಿಲ್ಲ! 1932ರಲ್ಲಿ ಮೊದಲನೆಯದನ್ನು ಕೊಂಡವನು ಅರ್ಮಾಂ ಎಸ್ದರ್ ಎಂಬ ಸಿದ್ಧ ಉಡುಪಿನ ವ್ಯಾಪಾರಿ. ರಾತ್ರಿ ಹೊತ್ತು ತಾನು ಕಾರು ಓಡಿಸುವುದಿಲ್ಲವೆಂದು ಅವನು ದೀಪಗಳೇ ಇಲ್ಲದೆ ಬಾಡಿ ಕಟ್ಟಿಸಿದನು. ಮುಂಭಾಗದ ರೇಖೆಗೆ ದೀಪಗಳಿಂದ ಎಲ್ಲಿಯೂ ತಡೆಯಾಗದಂತೆ ಅದನ್ನು ರೂಪಿಸಿದವನು ಎತ್ತೋರೆಯ ಮಗ ಜೀನ್ ಬುಗಾಟಿ. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಉಪಯೋಗವನ್ನು ಬಿಟ್ಟುಕೊಟ್ಟು ಸೌಂದರ್ಯವನ್ನು ಉಳಿಸಿಕೊಂಡ ಈ ಕೃತಿ ವೈಭವದ ಪರಾಕಾಷ್ಠೆಯೂ ಹೌದು, ಅದರ ಮಿತಿಯೂ ಹೌದು. ಮುಂದೆ ಅದೇ ಷಾಸಿಗೆ ಬೇರೆ ಬಾಡಿ ಕಟ್ಟಲಾಯಿತು.

ಇನ್ನು ಅರಸರಿಗೆಂದು ರಚಿಸಿದ ಆ ಎಂಜಿನ್ನಿನ ಗತಿ? 1933ರಿಂದ ಬುಗಾಟಿ ಅದೇ ಮಾದರಿಯ ಎಂಜಿನ್ನುಗಳನ್ನು ಫ್ರಾನ್ಸಿನ ರೈಲುಹಳಿಗಳ ಮೇಲೆ ಓಡುವ ಮೋಟಾರು ಬೋಗಿಗಳಿಗೆ ಅಳವಡಿಸಿದನು. ಸಾಮಾನ್ಯ ಪ್ರಯಾಣಿಕರು ಟಿಕೆಟ್ಟು ಕೊಂಡು ಅವುಗಳಲ್ಲಿ ಓಡಾಡಿದರು. ಚಕ್ರವರ್ತಿಗಳನ್ನು ಹೊರಬೇಕಾಗಿದ್ದ ಯಂತ್ರ ಕೊನೆಗೆ ಜನವನ್ನು ಹೊತ್ತು ಸಾರ್ಥಕವಾಯಿತು. ಕಾರ್ಖಾನೆಯನ್ನು ಮುಳುಗದಂತೆ ಕಾಪಾಡಿದ್ದೂ ಈ ರೈಲು ಬೋಗಿಗಳೇ.

ಜೀನ್ ಬುಗಾಟಿಯ ಶ್ರೇಷ್ಠ ಕೃತಿ ಬೇರೊಂದು. 1935ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನು ಏರೋಲಿತ್, ಎಂದರೆ ಉಲ್ಕೆ, ಎಂಬ ಕಾರನ್ನಿರಿಸಿದನು. ಅದರ ಮೈಗೆ ಮೆಗ್ನೀಸಿಯಮ್ಮಿನ ಮಿಶ್ರಲೋಹವನ್ನು ಆರಿಸಿಕೊಳ್ಳಲಾಗಿತ್ತು. ಈ ಲೋಹ ಬಲು ಹಗುರ. ಆದರೆ ಬೆಸುಗೆಯ ಬೆಂಕಿ ತಾಕಿದರೆ ಹೊತ್ತಿಕೊಳ್ಳುವ ಭಯ. ಆದುದರಿಂದ ಎಡ ಬಲದ ತಗಡುಗಳನ್ನು ಬೆಸೆಯುವ ಬದಲು, ಅಂಚುಗಳನ್ನು ಹೊರಕ್ಕೆ ಮಡಿಸಿ ಒಂದಕ್ಕೊಂದು ಸೇರಿಸಿ ರಿವೆಟ್ಟುಗಳಿಂದ ಬಿಗಿಯಲಾಯಿತು. ಹೀಗೆ ಮೂತಿಯಿಂದ ಬಾಲದವರೆಗೆ ಮೀನಿನ ಬೆನ್ನಿನ ಈಜುರೆಕ್ಕೆಯಂತೆ ಒಂದು ಏಣು ಎದ್ದು ನಿಂತಿತು. ಅನಂತರ 1936ರಿಂದ 1938ರವರೆಗೆ ಅಟ್ಲಾಂಟಿಕ್ ಎಂಬ ಹೆಸರಿನಲ್ಲಿ ಇಂತಹ 4 ಕಾರುಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಕಟ್ಟಿದರು. ಅಲ್ಯೂಮಿನಿಯಮ್ಮನ್ನು ಬೆಸೆಯಬಹುದಾಗಿದ್ದರೂ ಆ ಏಣನ್ನು ಹಾಗೆಯೇ ಉಳಿಸಿಕೊಂಡರು. ಇಕ್ಕಟ್ಟಿನಿಂದ ಹುಟ್ಟಿದ ರೇಖೆ ಇಕ್ಕಟ್ಟು ಕಳೆದ ಮೇಲೂ ರೂಪದ ಪ್ರಾಣವಾಗಿ ನಿಂತಿತು. ಕವಿಗೆ ಛಂದಸ್ಸಿನ ಕಟ್ಟು ಹೇಗೋ ಹಾಗೆ ಶಿಲ್ಪಿಗೆ ಲೋಹದ ಸ್ವಭಾವ. ಕಟ್ಟನ್ನು ಮರೆಮಾಚದೆ ಚೆಲುವಾಗಿಸುವುದೇ ಪ್ರತಿಭೆ.

ದುರ್ದೈವವೆಂದರೆ ಈ ಪ್ರತಿಭೆಗೆ ಆಯುಸ್ಸಿರಲಿಲ್ಲ. 1939ರ ಆಗಸ್ಟ್ 11ರಂದು ಮೋಲ್ಸೆಮ್ ಬಳಿಯ ರಸ್ತೆಯಲ್ಲಿ ಪಂದ್ಯದ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಜೀನ್ ಮಡಿದನು. ಆಗ ಅವನಿಗೆ ಮೂವತ್ತು ವರ್ಷ. ಮೂರು ವಾರ ಕಳೆಯುವಷ್ಟರಲ್ಲಿ ಯುದ್ಧ ಹೊತ್ತಿಕೊಂಡಿತು. 4 ಅಟ್ಲಾಂಟಿಕ್ ಕಾರುಗಳಲ್ಲಿ ಒಂದು ಯುದ್ಧಕಾಲದಲ್ಲಿ ಕಾಣೆಯಾದದ್ದು ಮರಳಿ ಸಿಕ್ಕಲಿಲ್ಲ.

ನಾಲ್ಕನೆಯ ಉತ್ತರವೇ ಹೆಚ್ಚು ಜನಪ್ರಿಯವಾದದ್ದು, ಹೆಚ್ಚು ಟೀಕೆಗೂ ಗುರಿಯಾದದ್ದು. ಜೋಸೆಫ್ ಫಿಗೋನಿ ಎಂಬುವನು ಇಟಲಿಯ ಪಿಯಾಚೆಂಜಾದಲ್ಲಿ 1894ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಹೆತ್ತವರೊಡನೆ ಪ್ಯಾರಿಸ್ಸಿಗೆ ಬಂದವನು. ಹದಿಹರೆಯದಲ್ಲಿಯೇ ಬಾಡಿ ಕಟ್ಟುವವರ ಬಳಿ ಕೆಲಸ ಕಲಿತು, ಯುದ್ಧಕ್ಕೆ ಹೋಗಿ ಬಂದು, ಪ್ಯಾರಿಸ್ಸಿಗೆ ಹೊಂದಿಕೊಂಡ ಬೂಲೋನಿನಲ್ಲಿ ಸ್ವಂತ ಕಾರ್ಯಾಗಾರ ತೆರೆದನು. 1935ರಲ್ಲಿ ಫಲಾಷಿ ಎಂಬ ವ್ಯವಹಾರ ಬಲ್ಲ ಪಾಲುಗಾರ ಅವನೊಂದಿಗೆ ಕೂಡಿಕೊಂಡನು. 1936ರ ಪ್ಯಾರಿಸ್ ಪ್ರದರ್ಶನದಲ್ಲಿ ಇವರ ದೆಲಾಯೆ 135 ಎಂಬ ತೆರೆದ ಕಾರು ನೋಡುಗರನ್ನು ದಂಗುಬಡಿಸಿತು. ಗಾಲಿಗಳು ಕಾಣದಂತೆ ನಾಲ್ಕು ಮಡ್‌ಗಾರ್ಡುಗಳೂ ಇಳಿಬಿದ್ದಿದ್ದವು. ನಿಂತಾಗಲೂ ಓಡುತ್ತಿರುವಂತೆ ಕಾಣುವ ರೂಪ. ಇದರ ಕಲ್ಪನೆಯಲ್ಲಿ ಜಿಯೊ ಹ್ಯಾಮ್ ಎಂಬ ಚಿತ್ರಕಾರನ ಕೈಯೂ ಇತ್ತು. ಅದನ್ನು ಕೊಂಡವನು ಆಗಾ ಖಾನರ ಮಗ ಅಲಿ ಖಾನ್. ವಿನೋದವೆಂದರೆ ಈ ಮೋಹಕ ಮೈಯೊಳಗಿದ್ದ ಎಂಜಿನ್ನಿನ ಮೂಲ ಒಂದು ಲಾರಿಯ ಎಂಜಿನ್ನು! ದೆಲಾಯೆ ಕಂಪನಿ ಗಟ್ಟಿಮುಟ್ಟಾದ ಲಾರಿಗಳಿಗೂ ಬೆಂಕಿ ಆರಿಸುವ ವಾಹನಗಳಿಗೂ ಹೆಸರಾಗಿತ್ತು. ಅದೇ 135ರ ಪಂದ್ಯದ ಕಾರು 1938ರಲ್ಲಿ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಗೆದ್ದಿತು.

1937ರಲ್ಲಿ ಫಿಗೋನಿಯು ಟಾಲ್ಬೊ-ಲಾಗೊ ಷಾಸಿಯ ಮೇಲೆ ಮುಚ್ಚಿದ ಕಾರೊಂದನ್ನು ಕಟ್ಟಿದನು. ಫ್ರೆಂಚರು ಅದನ್ನು ನೀರಹನಿ ಎಂದು ಕರೆದರು. ಮುಂಭಾಗ ದುಂಡು, ಹಿಂಭಾಗ ಕ್ರಮವಾಗಿ ಕಿರಿದಾಗಿ ನೆಲಕ್ಕೆ ಇಳಿಯುವ ಆಕಾರ. ಇಂತಹವು 16ರ ಆಸುಪಾಸಿನಲ್ಲಿ ಮಾತ್ರ ಹುಟ್ಟಿದವು. ನಮ್ಮ ದೇಶದ ಕಪೂರ್ತಲಾ ಸಂಸ್ಥಾನದ ಮನೆತನಕ್ಕೆ ಸೇರಿದ ಸ್ಟೆಲ್ಲಾ ಎಂಬ ರಾಣಿಯೂ ಇಂತಹ ಕಾರೊಂದರ ಒಡತಿಯಾಗಿದ್ದಳು. ನಿಜಕ್ಕೂ ಬೀಳುವ ಹನಿ ಈ ಆಕಾರದಲ್ಲಿರುವುದಿಲ್ಲ. ಚಿಕ್ಕ ಹನಿ ಗುಂಡಗಿರುತ್ತದೆ. ದೊಡ್ಡ ಹನಿ ತಳದಲ್ಲಿ ಚಪ್ಪಟೆಯಾಗುತ್ತದೆ. ಎಲೆಯ ತುದಿಯಿಂದ ಕಳಚಿಕೊಳ್ಳಲಿರುವ ಹನಿ ಮಾತ್ರ ಹೀಗೆ ಕಾಣುತ್ತದೆ. ಆದರೂ ಆಕಾರದಲ್ಲಿ ಶಾಸ್ತ್ರವಿಲ್ಲದೆ ಇಲ್ಲ. ಗಾಳಿ ವಾಹನವನ್ನು ತಡೆಯುವುದು ಎದುರಿನಿಂದ ಮಾತ್ರವಲ್ಲ. ಮೊಂಡಾದ ಹಿಂಭಾಗದಲ್ಲಿ ಒತ್ತಡ ತಗ್ಗಿ, ಅಲ್ಲಿ ಏಳುವ ಸುಳಿಗಳು ವಾಹನವನ್ನು ಹಿಂದಕ್ಕೆ ಸೆಳೆಯುತ್ತವೆ. ಬಾಲವನ್ನು ನೀಳವಾಗಿ ಇಳಿಸಿದರೆ ಗಾಳಿ ಮೈಗೆ ಅಂಟಿಕೊಂಡೇ ಹರಿದು ಈ ಸೆಳೆತ ಕಡಿಮೆಯಾಗುತ್ತದೆ.

ಆದರೆ ಗಾಲಿಗಳನ್ನು ಮುಚ್ಚಿದುದರಿಂದ ತೊಂದರೆಗಳೂ ಇದ್ದವು. ಮುಂದಿನ ಗಾಲಿ ತಿರುಗಲು ಎಡೆ ಬೇಕಲ್ಲವೇ? ಅದಕ್ಕಾಗಿ ಮಡ್‌ಗಾರ್ಡನ್ನು ಬಹಳ ಅಗಲ ಮಾಡಬೇಕು. ಟಯರು ಬದಲಿಸುವುದು ಕಷ್ಟ, ಕೆಸರು ಮೆತ್ತಿಕೊಂಡರೆ ಇನ್ನೂ ಕಷ್ಟ. ಕ್ರೋಮಿಯಮ್ಮಿನ ಹೊಳೆಯುವ ಪಟ್ಟಿಗಳು ಗಾಳಿಗೇನೂ ನೆರವಾಗಲಿಲ್ಲ. ಇಂಗ್ಲಿಷರಲ್ಲಿ ಕೆಲವು ಕುಹಕಿಗಳು ಫಿಗೋನಿ, ಫಲಾಷಿ ಎಂಬ ಹೆಸರುಗಳನ್ನೇ ತಿರುಚಿ ಫೋನಿ, ಫ್ಲ್ಯಾಷಿ ಎಂದರು. ಸೋಗು, ಥಳಕು ಎಂದು ಆ ಮಾತಿನ ಅರ್ಥ. ಟೀಕೆ ಪೂರ್ತಿ ಸುಳ್ಳಲ್ಲ. ಫಿಗೋನಿಯ ಕೆಲವು ಕೃತಿಗಳಲ್ಲಿ ಅಲಂಕಾರವೇ ಮೇಲುಗೈಯಾಗಿದೆ. ಆದರೆ ನೀರಹನಿಯ ಟಾಲ್ಬೊದಲ್ಲಿ ಹಾಗಿಲ್ಲ. ಅಲ್ಲಿ ಒಂದು ರೇಖೆಯನ್ನು ತೆಗೆದರೂ ಇಡೀ ರೂಪ ಕುಂದುತ್ತದೆ.

ಐದನೆಯ ಉತ್ತರ ನೀಡಿದವನು ಜಾರ್ಜ್ ಪೋಲಾಂ. 1902ರಲ್ಲಿ ಹುಟ್ಟಿದ ಈತನ ವೃತ್ತಿ ದಂತವೈದ್ಯ. ಕಾರುಗಳ ರೂಪರಚನೆ ಅವನ ಬಿಡುವಿನ ಹವ್ಯಾಸವಾಗಿ ಮೊದಲಾಯಿತು. ಕಾರಿನ ಲೋಹದ ಚಾವಣಿಯನ್ನು ಹಾಗೆಯೇ ಹಿಂದಕ್ಕೆ ಸರಿಸಿ ಬಾಲದೊಳಗೆ ಅಡಗಿಸುವ ಏರ್ಪಾಡನ್ನು ಅವನು ಕಂಡುಹಿಡಿದು ಅದಕ್ಕೆ ಎಕ್ಲಿಪ್ಸ್, ಎಂದರೆ ಗ್ರಹಣ, ಎಂದು ಹೆಸರಿಟ್ಟನು. ಪೂರ್ತೂ ಎಂಬ ಬಾಡಿ ಕಟ್ಟುವವನು ಅದನ್ನು ಲೋಹದಲ್ಲಿ ಮೂಡಿಸಿದನು. 1934ರ ಹೊತ್ತಿಗೆ ಪ್ಯೂಜೊ ಕಾರುಗಳಲ್ಲಿ ಅದು ಬಳಕೆಗೆ ಬಂತು. 1938ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಎಂಬಿರಿಕೋಸ್ ಎಂಬ ಗ್ರೀಕ್ ಸಾಹುಕಾರನಿಗಾಗಿ ಬೆಂಟ್ಲಿ ಷಾಸಿಯ ಮೇಲೆ ಅಲ್ಯೂಮಿನಿಯಮ್ಮಿನ ಬಾಡಿಯೊಂದನ್ನು ಪೋಲಾಂ ರೂಪಿಸಿದನು, ಪೂರ್ತೂ ಕಟ್ಟಿದನು. ಅದರಲ್ಲಿ ಹೊಳೆಯುವ ಪಟ್ಟಿಗಳ ಆಡಂಬರವಿಲ್ಲ. ಗಾಳಿ ಹರಿಯುವ ದಾರಿಯೇ ಅದರ ರೇಖೆ. 1939ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅದು ಒಂದು ಗಂಟೆಯಲ್ಲಿ 114 ಮೈಲಿಗೂ ಮಿಗಿಲಾಗಿ ಓಡಿತು. ಹತ್ತು ವರ್ಷಗಳ ಮೇಲೆ, ಯುದ್ಧ ಮುಗಿದ ನಂತರ, 1949ರ ಲ ಮಾನ್ ಓಟದಲ್ಲಿ ಆ ಹಳೆಯ ಕಾರೇ ಆರನೆಯ ಸ್ಥಾನ ಪಡೆಯಿತು. ಅಲಂಕಾರವೂ ಉಪಯೋಗವೂ ಬೇರೆಯಾಗಿ ಉಳಿಯದೆ ಒಂದಾದದ್ದನ್ನು ನೋಡಬೇಕಾದರೆ ಪೋಲಾಂನ ಕೃತಿಯನ್ನು ನೋಡಬೇಕು.

ಆ ಜಯವನ್ನು ನೋಡಲು ಪೋಲಾಂ ಇರಲಿಲ್ಲ. 1940ರಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ ಮೇಲೆ ಅವನು ಗುಪ್ತ ಪ್ರತಿಭಟನೆಯ ಚಳವಳಿಗೆ ಸೇರಿ ಬ್ರಿಟಿಷರಿಗೆ ರಹಸ್ಯ ಸಮಾಚಾರಗಳನ್ನು ಒದಗಿಸುತ್ತಿದ್ದನು. ಸೆರೆ ಸಿಕ್ಕಿದ ಅವನನ್ನು 1942ರ ಮಾರ್ಚ್ 21ರಂದು ಪ್ಯಾರಿಸ್ ಬಳಿಯ ಮೋಂ ವಲೇರಿಯಾಂ ಕೋಟೆಯಲ್ಲಿ ಗುಂಡಿಕ್ಕಿ ಕೊಂದರು. ಅದೇ ದಿನ ಪ್ರಾಣತೆತ್ತವರಲ್ಲಿ ಹೆಸರಾಂತ ಬಾಡಿ ಕಟ್ಟುವ ಮನೆತನದ ಜಾಕ್ ಕೆಲ್ನರ್ ಎಂಬುವನೂ ಒಬ್ಬ. ವಿಲಾಸದ ವಸ್ತುಗಳನ್ನು ಮಾಡುವವರು ವಿಲಾಸಿಗಳೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕೇ?

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಫಿಗೋನಿಯ ದೆಲಾಯೆ ಪ್ರದರ್ಶನದಲ್ಲಿ ಮೆರೆದ 1936ನೆಯ ವರ್ಷವೇ ಫ್ರಾನ್ಸಿನ ಕಾರ್ಮಿಕರು ದೇಶದಾದ್ಯಂತ ಮುಷ್ಕರ ಹೂಡಿದ ವರ್ಷ. ಮೇ, ಜೂನ್ ತಿಂಗಳುಗಳಲ್ಲಿ ಅವರು ಕಾರ್ಖಾನೆಗಳನ್ನು ಬಿಟ್ಟು ಹೊರಡದೆ ಒಳಗೇ ಕುಳಿತರು. ವಾರಕ್ಕೆ 40 ಗಂಟೆಗಳ ಕೆಲಸ, ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಎಂಬ ಕಾನೂನುಗಳು ಆ ಹೋರಾಟದ ಫಲ. ಒಂದು ಕಡೆ ರಾಜಕುಮಾರನ ಕಾರು, ಇನ್ನೊಂದು ಕಡೆ ಮೊದಲ ಬಾರಿಗೆ ಸಂಬಳದ ರಜೆ ಕಂಡ ಕಾರ್ಮಿಕ. ಇವೆರಡನ್ನೂ ಒಟ್ಟಿಗೆ ನೆನೆಯದೆ ಆ ಕಾಲದ ಸೌಂದರ್ಯವನ್ನು ಹೊಗಳುವುದು ಅರ್ಧಸತ್ಯವಾದೀತು. ಸಂಸ್ಥಾನಿಕರ ಕಾರುಗಳಿಗೆ ಸಂದ ಹಣದಲ್ಲಿ ರೈತನ ಕಂದಾಯವೂ ಸೇರಿತ್ತೆಂಬುದನ್ನು ನಾವು ಮರೆಯಲಾಗದು.

ಆದರೆ ಇದರಿಂದ ಕಲೆಯೇ ತ್ಯಾಜ್ಯವೆಂದು ಹೇಳುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಏಕೆಂದರೆ ಕೊಂಡವನು ಕೊಂಡದ್ದು ಆ ವಸ್ತುವಿನ ಬಳಕೆಯನ್ನು ಮಾತ್ರ. ಅದರೊಳಗಿನ ಕೌಶಲವನ್ನು ಅವನು ಕೊಳ್ಳಲಾರ. ವಲಸೆ ಬಂದ ಮನೆಯ ಹುಡುಗನೊಬ್ಬನ ಕಣ್ಣು, ದಂತವೈದ್ಯನೊಬ್ಬನ ಬಿಡುವಿನ ಚಿಂತನೆ, ಹೆಸರು ಉಳಿಯದ ನೂರಾರು ಬಡಗಿಗಳ, ತಗಡಿನವರ, ಹೊಲಿಗೆಯವರ ಬೆರಳು, ಇವೇ ಆ ಚೆಲುವಿನ ನಿಜವಾದ ಒಡೆಯರು. ಒಡೆತನದ ಚರಿತ್ರೆ ಕೊಂಡವರ ಹೆಸರುಗಳನ್ನು ಬರೆದಿಟ್ಟಿದೆ. ಸುತ್ತಿಗೆ ಹಿಡಿದವರ ಹೆಸರುಗಳನ್ನು ಬರೆದಿಡಲಿಲ್ಲ. ಕೈಕೆಲಸದಿಂದ ಬದುಕಿದ ಮನೆಗಳಿಂದ ಮೊದಲ ಸಲ ಕಾಲೇಜಿಗೆ ಬಂದ ನಮ್ಮಂತಹವರು ಇಂತಹ ವಸ್ತುಗಳನ್ನು ನೋಡುವಾಗ ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಈ ವಿಲಾಸದ ಕಾರುಗಳು ಮೆರೆಯುತ್ತಿದ್ದಾಗಲೇ, 1934ರಲ್ಲಿ, ಸಿಟ್ರೊಯೆನ್ ಕಂಪನಿ ಟ್ರಾಕ್ಸಿಯೋಂ ಅವಾಂ ಎಂಬ ಕಾರನ್ನು ಹೊರತಂದಿತು. ಅದರಲ್ಲಿ ಬೇರೆ ಷಾಸಿಯೇ ಇಲ್ಲ. ಒತ್ತುಯಂತ್ರದಲ್ಲಿ ರೂಪುಗೊಂಡ ಉಕ್ಕಿನ ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ಅದರ ರೂಪವನ್ನು ಕಡೆದವನು ಫ್ಲಾಮಿನಿಯೊ ಬೆರ್ತೋನಿ. ಇವನೂ ಇಟಲಿಯಿಂದ ಬಂದವನೇ, ಶಿಲ್ಪಿಯೇ. ಆದರೆ ಅವನ ಶಿಲ್ಪ ಒಬ್ಬನ ಮನೆಯ ಸೊತ್ತಾಗಲಿಲ್ಲ. 1957ರವರೆಗೆ ಆ ಮಾದರಿಯ 7,50,000ಕ್ಕೂ ಹೆಚ್ಚು ಕಾರುಗಳು ಹೊರಬಂದವು. ವೈದ್ಯರು, ವರ್ತಕರು, ಟ್ಯಾಕ್ಸಿಯವರು ಅವನ್ನು ಓಡಿಸಿದರು. ಕೈಯಿಂದ ಬಾಡಿ ಕಟ್ಟುವವರ ಕಸುಬಿಗೆ ಮರಣಶಾಸನ ಬರೆದದ್ದೂ ಈ ವಿಧಾನವೇ. ಬಾಡಿಯೇ ಷಾಸಿಯಾದ ಮೇಲೆ, ಬರಿಯ ಷಾಸಿಯನ್ನು ತಂದು ಮನಬಂದ ಬಾಡಿ ಕಟ್ಟಿಸುವುದು ಎಂತು?

ಯುದ್ಧ ಆ ಕಲೆಯ ಅಂತ್ಯವನ್ನು ತ್ವರೆಗೊಳಿಸಿತು. ಯುದ್ಧಾನಂತರ ಉಕ್ಕಿಗೆ ಅಭಾವ. ದೊಡ್ಡ ಎಂಜಿನ್ನಿನ ಕಾರುಗಳ ಮೇಲೆ ಫ್ರೆಂಚ್ ಸರ್ಕಾರ ಭಾರಿ ತೆರಿಗೆ ಹೇರಿತು. ಹಿಸ್ಪಾನೊ-ಸುಯಿಜಾ 1938ರಲ್ಲಿಯೇ ಕಾರುಗಳನ್ನು ನಿಲ್ಲಿಸಿ ವಿಮಾನ ಎಂಜಿನ್ನುಗಳಿಗೆ ಮೀಸಲಾಗಿತ್ತು. ಎತ್ತೋರೆ ಬುಗಾಟಿ 1947ರಲ್ಲಿ ತೀರಿಕೊಂಡನು. ದೆಲಾಯೆ ಕಂಪನಿ 1954ರಲ್ಲಿ ಮತ್ತೊಂದರಲ್ಲಿ ಲೀನವಾಯಿತು. ಫಿಗೋನಿಯ ಕಾರ್ಯಾಗಾರವೂ ಆ ದಶಕದಲ್ಲಿ ಬಾಡಿ ಕಟ್ಟುವುದನ್ನು ನಿಲ್ಲಿಸಿತು. ಇಂದು ಉಳಿದಿರುವ ಕೃತಿಗಳಿಗೆ ಬೆಲೆ ಕಟ್ಟುವುದೇ ಕಷ್ಟ. 2022ರಲ್ಲಿ ಅಮೆರಿಕದ ಹರಾಜೊಂದರಲ್ಲಿ ನೀರಹನಿಯ ಟಾಲ್ಬೊ ಒಂದು 1,30,00,000 ಡಾಲರುಗಳಿಗೂ ಮಿಕ್ಕು ಬೆಲೆಗೆ ಹೋಯಿತು. ಆದರೆ ಎಲ್ಲವೂ ಸಿರಿವಂತರ ಕೊಟ್ಟಿಗೆಗಳಲ್ಲಿಲ್ಲ. ಆಲ್ಸೇಸಿನ ಮುಲ್‌ಹೌಸ್ ನಗರದ ರಾಷ್ಟ್ರೀಯ ಮೋಟಾರು ಸಂಗ್ರಹಾಲಯದಲ್ಲಿ ಬುಗಾಟಿಯ ರಾಯಲ್ ಕಾರುಗಳು ನಿಂತಿವೆ. ಚೀಟಿ ಕೊಂಡ ಯಾವ ಸಾಮಾನ್ಯನಾದರೂ ಅವನ್ನು ನೋಡಬಹುದು.

ಹೀಗೆ ಪರಿಶೀಲಿಸಿದಾಗ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಯಂತ್ರಕ್ಕೆ ಹೊರಗಿನಿಂದ ಅಂಟಿಸಿದ ಅಲಂಕಾರ ಬೇಗ ಹಳತಾಗುತ್ತದೆ. ಲೋಹದ ಸ್ವಭಾವದಿಂದಲೂ ಗಾಳಿಯ ಹರಿವಿನಿಂದಲೂ ಕೆಲಸದ ಅಗತ್ಯದಿಂದಲೂ ಹುಟ್ಟಿದ ರೇಖೆ ಹಳತಾಗುವುದಿಲ್ಲ. ಅಟ್ಲಾಂಟಿಕ್ಕಿನ ಏಣು, ಪೋಲಾಂನ ಬೆಂಟ್ಲಿ ಇದಕ್ಕೆ ಸಾಕ್ಷಿ. ಎರಡನೆಯದು, ಚೆಲುವಿಗೂ ಸಿರಿಗೂ ಇರುವ ನಂಟು ನಾವು ತಿಳಿದಷ್ಟು ಗಟ್ಟಿಯಾದುದಲ್ಲ. ಸಿರಿಯಿಲ್ಲದಿದ್ದರೆ ಈ ಕಾರುಗಳು ಹುಟ್ಟುತ್ತಿರಲಿಲ್ಲ ನಿಜ. ಆದರೆ ಬರಿಯ ಸಿರಿಯಿಂದ ಒಂದು ಮಡ್‌ಗಾರ್ಡಿನ ಬಾಗನ್ನೂ ಬರಿಸಲಾಗದು. ಅದಕ್ಕೆ ಕಲಿತ ಕೈ ಬೇಕು, ನೋಡಬಲ್ಲ ಕಣ್ಣು ಬೇಕು, ಕಾಯಬಲ್ಲ ತಾಳ್ಮೆ ಬೇಕು. ಇವು ಯಾವ ಮನೆಯಲ್ಲಿ ಬೇಕಾದರೂ ಹುಟ್ಟಬಹುದು. ಕಾಲೇಜಿನ ವಿದ್ಯೆ ಪುಸ್ತಕದ ಚೆಲುವನ್ನು ಗುರುತಿಸಲು ಕಲಿಸುವಂತೆ ಕೈಕೆಲಸದ ಚೆಲುವನ್ನು ಗುರುತಿಸಲೂ ಕಲಿಸಿದರೆ, ಆಗ ಕಲೆಗೂ ಯಂತ್ರಕ್ಕೂ ನಡುವೆ ನಾವು ಎಬ್ಬಿಸಿಕೊಂಡಿರುವ ಗೋಡೆ ತಾನಾಗಿಯೇ ತಗ್ಗೀತು.